ಬಾಗಿಲುಗಳ ಹಿಂದಿನ ಕಾಯಕ

ರಂಗದ ಮೇಲೆ ಬೆಳಕು ಬಿದ್ದಾಗ ನಮ್ಮ ಕಣ್ಣು ಹಾಡುವವರ ಮುಖದ ಮೇಲೆ ನೆಲೆಸುತ್ತದೆ. ಆ ಬೆಳಕನ್ನು ಹಿಡಿದವರು ಯಾರು, ಆ ಪರದೆಯನ್ನು ಎಳೆದವರು ಯಾರು ಎಂಬ ವಿಚಾರ ಸಾಮಾನ್ಯವಾಗಿ ನಮ್ಮ ಮನಸ್ಸಿಗೆ ಬರುವುದಿಲ್ಲ. ಇಂದು ಪ್ರತಿಯೊಂದು ಮನೆಯಲ್ಲಿಯೂ ಹಾಡಿನ ಸ್ಪರ್ಧೆಗಳನ್ನು ನೋಡುವ ರೂಢಿಯಿದೆ. ಮಕ್ಕಳು ಅವುಗಳನ್ನು ನೋಡಿ ತಾವೂ ಹಾಗೆ ಹಾಡಬೇಕು, ಕುಣಿಯಬೇಕು, ಹೊಳೆಯಬೇಕು ಎಂದು ಹಂಬಲಿಸುತ್ತಾರೆ. ಹಂಬಲ ತಪ್ಪಲ್ಲ. ಆದರೆ ಆ ಹೊಳಪು ಹೇಗೆ ಸಿದ್ಧವಾಗುತ್ತದೆ, ಅದರಲ್ಲಿ ಎಷ್ಟು ಪಾಲು ಕಂಠದ್ದು, ಎಷ್ಟು ಪಾಲು ಉಪಾಯದ್ದು, ಎಷ್ಟು ಪಾಲು ಕಾಣದ ಕೈಗಳದ್ದು ಎಂಬುದನ್ನು ಹಿರಿಯರಾದ ನಾವು ಅರಿತಿರುವುದು ಒಳ್ಳೆಯದು. ಆದಕಾರಣ ಈ ತಿಂಗಳು ದೂರದ ಯುರೋಪಿನ ಒಂದು ರಾತ್ರಿಯ ಪ್ರಸಂಗವನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಯುರೋಪಿನ ದೇಶಗಳು ಕೂಡಿ ವರ್ಷಕ್ಕೊಮ್ಮೆ ನಡೆಸುವ ‘ಯೂರೋವಿಷನ್’ ಎಂಬ ಹಾಡಿನ ಸ್ಪರ್ಧೆಯುಂಟು. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋ ಪಟ್ಟಣದಲ್ಲಿ ಕೇವಲ 7 ದೇಶಗಳಿಂದ ಆರಂಭವಾದ ಈ ಸ್ಪರ್ಧೆಯಲ್ಲಿ 2018ರ ಹೊತ್ತಿಗೆ 43 ದೇಶಗಳು ಭಾಗವಹಿಸಿದ್ದವು. ಅದರ ಕಟ್ಟಳೆಗಳು ಬಿಗಿಯಾದವು. ಹಾಡು 3 ನಿಮಿಷವನ್ನು ಮೀರಕೂಡದು. ರಂಗದ ಮೇಲೆ 6 ಜನರಿಗಿಂತ ಹೆಚ್ಚು ಇರಕೂಡದು. ಜೀವಂತ ಪ್ರಾಣಿಗಳನ್ನು ರಂಗಕ್ಕೆ ತರಕೂಡದು. ವಾದ್ಯಗಳ ನಾದವನ್ನು ಮೊದಲೇ ಮುದ್ರಿಸಿ ತರಬಹುದು. ಆದರೆ ಮುಖ್ಯ ಗಾಯಕರು ಆ ಕ್ಷಣದಲ್ಲಿ ಎಲ್ಲರ ಕಣ್ಣೆದುರೇ ಹಾಡಲೇಬೇಕು. ಹಿಂದೆ ಪ್ರತಿಯೊಂದು ಹಾಡಿಗೂ ದೊಡ್ಡ ವಾದ್ಯವೃಂದವೇ ಇರುತ್ತಿತ್ತು. 1998ರ ಬರ್ಮಿಂಗ್‌ಹ್ಯಾಮ್ ಸ್ಪರ್ಧೆಯೊಂದಿಗೆ ಆ ಪದ್ಧತಿ ಮುಗಿಯಿತು. ವಾದ್ಯವೃಂದ ಹೋದ ಮೇಲೆ ರಂಗದ ಮೇಲಿನ ದೃಶ್ಯಕ್ಕೆ ಪ್ರಾಧಾನ್ಯ ಹೆಚ್ಚಿತು.

2018ರ ಸ್ಪರ್ಧೆ ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್ನಿನ ಆಲ್ಟಿಸ್ ಅರೇನಾ ಎಂಬ ಸಭಾಂಗಣದಲ್ಲಿ ನಡೆಯಿತು. ಅಲ್ಲಿಯ ರಂಗಸಜ್ಜಿಕೆಯಲ್ಲಿ ಒಂದು ವಿಶೇಷವಿತ್ತು. ಹಿಂದಿನ ವರ್ಷಗಳಲ್ಲಿ ರಂಗದ ಹಿಂಬದಿಯನ್ನು ತುಂಬುತ್ತಿದ್ದ ದೊಡ್ಡ ಎಲ್‌ಇಡಿ ಪರದೆಗಳನ್ನು ಆ ವರ್ಷ ಇಟ್ಟಿರಲಿಲ್ಲ. ಸಮುದ್ರಯಾನದ ಹಡಗುಗಳನ್ನು ನೆನಪಿಸುವ ವಿನ್ಯಾಸ ಮತ್ತು ಬೆಳಕು, ಇವಿಷ್ಟೇ ಎಲ್ಲರಿಗೂ ದೊರೆತ ಸಾಮಗ್ರಿ. ಪರದೆಯ ಮೇಲೆ ಬಣ್ಣದ ಚಿತ್ರಗಳನ್ನು ಹರಿಸಿ ಮೂರು ನಿಮಿಷವನ್ನು ತುಂಬಿಬಿಡುವ ಸುಲಭ ಮಾರ್ಗ ಮುಚ್ಚಿತು. ಆಗ ಪ್ರತಿಯೊಂದು ದೇಶವೂ ತನ್ನ ಬುದ್ಧಿಯನ್ನು ಓಡಿಸಬೇಕಾಯಿತು. ಎಸ್ಟೋನಿಯಾದ ಗಾಯಕಿ ಎಲೀನಾ ನೆಚಾಯೆವಾ ರಂಗದ ಮೇಲೆ ಹರವಿಕೊಂಡ ಬಹು ವಿಶಾಲವಾದ ನಿಲುವಂಗಿಯನ್ನು ಧರಿಸಿ ನಿಂತರು. ಆ ಬಟ್ಟೆಯೇ ಪರದೆಯಾಗಿ ಅದರ ಮೇಲೆ ಬೆಳಕಿನ ಚಿತ್ರಗಳು ಹರಿದವು.

ಎಲ್ಲಕ್ಕಿಂತ ಹೆಚ್ಚಾಗಿ ಜನರನ್ನು ನಗಿಸಿದ್ದು, ಬೆರಗುಗೊಳಿಸಿದ್ದು ಮಾಲ್ಡೋವಾ ಎಂಬ ಪುಟ್ಟ ದೇಶ. ಅಲ್ಲಿಯ ‘ಡೋರೆಡೋಸ್’ ಎಂಬ ತಂಡದಲ್ಲಿ ಒಬ್ಬ ಹೆಣ್ಣುಮಗಳು ಮತ್ತು ಇಬ್ಬರು ಗಂಡಸರು. ಅವರು ಹಾಡಿದ ಹಾಡು ‘ಮೈ ಲಕ್ಕಿ ಡೇ’. ಅವರು ರಂಗದ ಮೇಲೆ ನಿಲ್ಲಿಸಿದ್ದು ಬಾಗಿಲು, ಕಿಟಕಿಗಳಿದ್ದ ಒಂದು ಬಿಳಿಯ ಗೋಡೆ ಮಾತ್ರ. ಮೂವರು ಗಾಯಕರ ಜೊತೆಗೆ ಅವರಂತೆಯೇ ಬಣ್ಣದ ಉಡುಪು ತೊಟ್ಟ ಮೂವರು ನರ್ತಕರು. ಒಬ್ಬರು ಈ ಬಾಗಿಲಿನಿಂದ ಒಳಗೆ ಹೋದರೆ ಮರುಕ್ಷಣವೇ ಆ ಬಾಗಿಲಿನಿಂದ ಹೊರಗೆ ಬಂದಂತೆ ಕಾಣುತ್ತದೆ. ಮೇಲಿನ ತೆರಪಿನಲ್ಲಿ ಒಬ್ಬರ ಮುಖ, ಕೆಳಗಿನ ತೆರಪಿನಲ್ಲಿ ಇನ್ನೊಬ್ಬರ ಕಾಲು. ಎರಡೂ ಸೇರಿ ಒಂದೇ ದೇಹವೆಂಬ ಭ್ರಮೆ. ನೋಡನೋಡುತ್ತ ಯಾರು ಯಾರೆಂಬುದೇ ತಿಳಿಯದಂತಾಗಿ ನಗು ಬರುತ್ತದೆ. ಈ ಉಪಾಯದಲ್ಲಿ ಯಂತ್ರದ ಮಾಯೆಯಿಲ್ಲ. ಇರುವುದು ಬಡಗಿಯ ಕೆಲಸ, ದರ್ಜಿಯ ಕೆಲಸ ಮತ್ತು ತಾಳದ ಲೆಕ್ಕ.

ಇದನ್ನು ರಂಗಕ್ಕೆ ಅಳವಡಿಸಿದವರು ಗ್ರೀಸ್ ದೇಶದ ಫೋಕಾಸ್ ಎವಾಂಗೆಲಿನೋಸ್ ಎಂಬ ನೃತ್ಯ ನಿರ್ದೇಶಕರು. ಈ ವಿದ್ಯೆಯಲ್ಲಿ ಅವರು ಪಳಗಿದ ಕೈ. 2013ರಲ್ಲಿ ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಅಜರ್‌ಬೈಜಾನಿನ ಗಾಯಕ ಫರೀದ್ ಮಮ್ಮದೋವ್ ಅವರಿಗಾಗಿ ಒಂದು ಗಾಜಿನ ಪೆಟ್ಟಿಗೆಯನ್ನು ಇರಿಸಿ, ಅದರೊಳಗೆ ಒಬ್ಬ ನರ್ತಕನನ್ನು ನಿಲ್ಲಿಸಿ, ಗಾಯಕನ ಪ್ರತಿಯೊಂದು ಚಲನೆಯನ್ನೂ ಅವನ ನೆರಳಿನಂತೆ ಆ ನರ್ತಕ ಅನುಸರಿಸುವಂತೆ ಮಾಡಿದ್ದರು. ಆ ಹಾಡು ಎರಡನೆಯ ಸ್ಥಾನ ಪಡೆಯಿತು. 2016ರಲ್ಲಿ ಸ್ಟಾಕ್‌ಹೋಮಿನಲ್ಲಿ ರಷ್ಯದ ಗಾಯಕ ಸೆರ್ಗೇಯ್ ಲಜರೆವ್ ಅವರನ್ನು ಚಲಿಸುವ ಚಿತ್ರಗಳ ಗೋಡೆಯೊಂದರ ಮುಂದೆ ನಿಲ್ಲಿಸಿ, ಅವರು ಆ ಚಿತ್ರಗಳೊಳಗೆ ಹತ್ತಿ ಇಳಿಯುವಂತೆ ಕಾಣಿಸಿದ್ದರು. ಆ ಹಾಡಿಗೆ ಮೂರನೆಯ ಸ್ಥಾನ ದೊರೆಯಿತು. ಎರಡೂ ವರ್ಷ ಗಾಯಕರ ಹೆಸರು ಊರೂರಿಗೆ ಹಬ್ಬಿತು; ಗಾಜಿನ ಪೆಟ್ಟಿಗೆಯೊಳಗೆ ನಿಂತವನ ಹೆಸರನ್ನು ಕೇಳಿದವರು ಕಡಿಮೆ.

ಈ ಬಗೆಯ ಉಪಾಯ ನಮ್ಮವರಿಗೂ ಹೊಸದಲ್ಲ. 1884ರಲ್ಲಿ ಸ್ಥಾಪನೆಯಾದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಹಿರಿಯ ಓದುಗರು ಬಲ್ಲರು. ವೀರಣ್ಣನವರ ಆ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಪ್ರಸಿದ್ಧವಾಗಿತ್ತು. ‘ಟ್ರಿಕ್ ಸೀನ್’ ಎಂಬ ಮಾತು ಕಂಪನಿ ನಾಟಕಗಳ ಕಾಲದಲ್ಲಿ ಹಳ್ಳಿಯವರ ಬಾಯಿಯಲ್ಲಿಯೂ ಇತ್ತು. ಯೂರೋವಿಷನ್ನಿನಲ್ಲಿ ಆನೆಗೆ ಪ್ರವೇಶವಿಲ್ಲ. ಆದರೆ ನೋಡುವವರ ಕಣ್ಣನ್ನು ಒಂದು ಕಡೆಗೆ ಸೆಳೆದು ಇನ್ನೊಂದು ಕಡೆ ಕೆಲಸ ಮುಗಿಸುವ ಜಾಣ್ಮೆ ಎರಡೂ ಕಡೆ ಒಂದೇ.

ಈ ಬಾಗಿಲುಗಳ ಆಟ ಹೇಗೆ ಸಾಧ್ಯವಾಯಿತೆಂಬುದನ್ನು ಸ್ವಲ್ಪ ವಿಚಾರಿಸೋಣ. ಮೊದಲನೆಯದು ಕಣ್ಣಿನ ನೆಲೆ. ಗೋಡೆಯ ಹಿಂದೆ ಅಡಗುವ ಆಟ ಎದುರಿನಿಂದ ನೋಡುವವರಿಗೆ ಮಾತ್ರ ಮಾಯೆ. ಪಕ್ಕದಿಂದ ನೋಡಿದರೆ ಗುಟ್ಟು ಬಯಲು. ಮನೆಯಲ್ಲಿ ಕುಳಿತ ಕೋಟ್ಯಂತರ ಜನರಿಗೆ ಕ್ಯಾಮೆರಾವೇ ಕಣ್ಣು. ಆ ಕಣ್ಣು ಎಲ್ಲಿ ನಿಲ್ಲಬೇಕು, ಯಾವ ಸಾಲಿನಲ್ಲಿ ಎತ್ತ ತಿರುಗಬೇಕು ಎಂಬುದನ್ನು ಹಾಡಿನ ಕಾಲಕ್ಕೆ ಸರಿಯಾಗಿ ಮೊದಲೇ ಬರೆದಿಟ್ಟಿರುತ್ತಾರೆ. ಎರಡನೆಯದು ಕಾಲದ ಲೆಕ್ಕ. ಬಾಗಿಲು ಅರ್ಧ ಕ್ಷಣ ತಡವಾಗಿ ತೆರೆದರೂ ನಗು ಸಾಯುತ್ತದೆ. ಗಾಯಕರ ಕಿವಿಯೊಳಗಿನ ಪುಟ್ಟ ಸಾಧನದಲ್ಲಿ ಸಂಗೀತ ಕೇಳುತ್ತಿರುತ್ತದೆ. ಅದರೊಂದಿಗೆ ಹೆಜ್ಜೆ, ಕೈ, ಬಾಗಿಲು ಮೂರೂ ಕೂಡಬೇಕು. ಮೂರನೆಯದು ತಾಲೀಮು. ದೇಶದ ತಂಡ ಬರುವ ಮೊದಲೇ ಬದಲಿ ಕಲಾವಿದರನ್ನು ರಂಗದ ಮೇಲೆ ನಿಲ್ಲಿಸಿ ಬೆಳಕು ಮತ್ತು ಕ್ಯಾಮೆರಾಗಳನ್ನು ಪರೀಕ್ಷಿಸುತ್ತಾರೆ. ತಂಡ ಬಂದ ಬಳಿಕ ರಂಗದ ಮೇಲೆ ಅವರದೇ ತಾಲೀಮು, ಅನಂತರ ಪೂರ್ಣ ವೇಷದ ತಾಲೀಮುಗಳು. ಆ ವರ್ಷದ ಪದ್ಧತಿಯಂತೆ ಪ್ರತಿಯೊಂದು ದೇಶದ ತೀರ್ಪುಗಾರರು ಹಿಂದಿನ ರಾತ್ರಿಯ ತಾಲೀಮನ್ನು ನೋಡಿಯೇ ಅಂಕ ಕೊಡುತ್ತಿದ್ದರು. ಮರುದಿನದ ನೇರ ಪ್ರಸಾರವನ್ನು ನೋಡಿ ಜನರು ಮತ ಹಾಕುತ್ತಿದ್ದರು. ಎಂದರೆ ಬಾಗಿಲುಗಳು ಎರಡು ರಾತ್ರಿಯೂ ತಪ್ಪಿಲ್ಲದೆ ತೆರೆದು ಮುಚ್ಚಬೇಕಾಗಿತ್ತು.

ಇನ್ನು ರಂಗದ ಕೆಲಸಗಾರರ ವಿಷಯ. 2018ರ ಮೇ 12ರ ಅಂತಿಮ ಸುತ್ತಿನಲ್ಲಿ 26 ಹಾಡುಗಳಿದ್ದವು. ಒಂದು ಹಾಡು ಮುಗಿದು ಮುಂದಿನದು ಆರಂಭವಾಗುವ ನಡುವೆ ದೂರದರ್ಶನದಲ್ಲಿ ಒಂದು ಕಿರುಚಿತ್ರವನ್ನು ತೋರಿಸುತ್ತಾರೆ. ಅದರ ಅವಧಿ ಒಂದು ನಿಮಿಷವೂ ಇಲ್ಲ. ಮನೆಯಲ್ಲಿ ನಾವು ಆ ಚಿತ್ರವನ್ನು ನೋಡಿ ಮುಗಿಸುವಷ್ಟರಲ್ಲಿ ಹಿಂದಿನ ದೇಶದ ಸಾಮಾನುಗಳೆಲ್ಲ ಹೊರಗೆ ಹೋಗಿ, ನೆಲವನ್ನು ಒರೆಸಿ, ಮುಂದಿನ ದೇಶದ ಗೋಡೆ, ಮೆಟ್ಟಿಲು, ಪಿಯಾನೋ ಏನಿದೆಯೋ ಅದು ಗುರುತು ಹಾಕಿದ ಜಾಗದಲ್ಲಿ ಬಂದು ನಿಂತಿರಬೇಕು. ಗೋಡೆ ಒಂದು ಗೇಣು ಆಚೀಚೆಯಾದರೂ ಕ್ಯಾಮೆರಾದ ಲೆಕ್ಕ ತಪ್ಪುತ್ತದೆ. ಈ ಕೆಲಸಗಾರರು ಕಪ್ಪು ಬಟ್ಟೆ ತೊಟ್ಟು ಕತ್ತಲೆಯಲ್ಲಿ ಓಡಾಡುತ್ತಾರೆ. ಅವರು ಕಾಣಿಸಿಕೊಂಡರೆ ಅದೇ ದೋಷ. ಕಾಣದಿದ್ದರೆ ಅದೇ ಗುಣ. ಅಂತಹ ಕೆಲಸವನ್ನು ಒಂದೇ ಸಂಜೆಯಲ್ಲಿ ಇಪ್ಪತ್ತೈದು ಬಾರಿ ಮಾಡಿ ಮುಗಿಸುವುದು ಸಾಮಾನ್ಯ ಸಂಗತಿಯಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮ ಮನೆಗಳ ಮಕ್ಕಳೇ ಈ ಪ್ರಶ್ನೆಯನ್ನು ಕೇಳಬಹುದು: ಇದು ಮೋಸವಲ್ಲವೇ? ಒಬ್ಬರ ಕಾಲನ್ನು ಇನ್ನೊಬ್ಬರ ಕಾಲೆಂದು ತೋರಿಸಿದರೆ ಅದು ಸುಳ್ಳಲ್ಲವೇ? ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕದೆ ವಿವೇಚಿಸುವುದು ಒಳ್ಳೆಯದು. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಬಹುರೂಪಿ ಚೌಡಯ್ಯನವರಿದ್ದರು. ಬಗೆಬಗೆಯ ವೇಷ ಧರಿಸಿ ಜನರ ಮುಂದೆ ಆಡಿ ತೋರಿಸುವುದೇ ಅವರ ಕಾಯಕ. ಜನರನ್ನು ನಗಿಸುವುದನ್ನೇ ಕಾಯಕವಾಗಿ ಮಾಡಿಕೊಂಡ ನಗೆಯ ಮಾರಿತಂದೆಯವರಿದ್ದರು. ನಡೆ ನುಡಿ ಒಂದಾಗಿರಬೇಕೆಂದು ಅಷ್ಟು ನಿಷ್ಠುರವಾಗಿ ನುಡಿದ ಶರಣರು ಇವರನ್ನು ದೂರವಿಡಲಿಲ್ಲ, ತಮ್ಮೊಡನೆ ಕೂಡಿಸಿಕೊಂಡರು. ಏಕೆಂದರೆ ವೇಷ ಬೇರೆ, ಮೋಸ ಬೇರೆ. ಆಡುವವರಿಗೂ ನೋಡುವವರಿಗೂ ಇದು ಆಟವೆಂದು ತಿಳಿದಿರುವಾಗ ಅಲ್ಲಿ ವಂಚನೆಯಿಲ್ಲ. ವೇಷವನ್ನೇ ನಿಜವೆಂದು ನಂಬಿಸಿ ಅದರಿಂದ ಲಾಭ ಪಡೆಯುವಲ್ಲಿ ವಂಚನೆ ಆರಂಭವಾಗುತ್ತದೆ.

ಈ ಅಳತೆಗೋಲಿನಿಂದ ನೋಡಿದರೆ ಲಿಸ್ಬನ್ನಿನ ಬಾಗಿಲುಗಳ ಆಟ ಪ್ರಾಮಾಣಿಕವಾದದ್ದು. ಯಾವ ಪ್ರೇಕ್ಷಕನೂ ಒಬ್ಬ ಮನುಷ್ಯ ನಿಜವಾಗಿ ಎರಡು ತುಂಡಾದನೆಂದು ನಂಬಲಿಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಆ ವರ್ಷದ ಕಟ್ಟಳೆಯ ಪ್ರಕಾರ ಮುಖ್ಯ ಗಾಯಕರ ಧ್ವನಿ ಮಾತ್ರವಲ್ಲ, ಹಿಮ್ಮೇಳದ ಧ್ವನಿಯೂ ಆ ಕ್ಷಣದಲ್ಲಿಯೇ ಹಾಡಿದ್ದಾಗಿರಬೇಕಿತ್ತು. ಹಿಮ್ಮೇಳದವರು ಮರೆಯಲ್ಲಿ ನಿಂತರೂ ಆರು ಜನರ ಲೆಕ್ಕದಲ್ಲಿಯೇ ಸೇರುತ್ತಿದ್ದರು. ಮೂವರು ಗಾಯಕರು, ಮೂವರು ನರ್ತಕರು ಸೇರಿದಾಗ ಆ ಲೆಕ್ಕ ಮುಗಿಯಿತು. ಇನ್ನೊಬ್ಬ ಗಾಯಕನನ್ನು ಎಲ್ಲಿಯೋ ಅಡಗಿಸಿಡಲು ಎಡೆಯೇ ಉಳಿಯಲಿಲ್ಲ. ಕಾಲುಗಳು ಯಾರವೆಂಬ ಗೊಂದಲ ಎಷ್ಟೇ ಇರಲಿ, ಕೇಳಿದ ಧ್ವನಿ ಆ ಆರು ಜನರದೇ. ಓಡುತ್ತ, ಬಾಗುತ್ತ, ಬಾಗಿಲು ತೆರೆಯುತ್ತ, ಉಸಿರನ್ನು ಹಿಡಿದುಕೊಂಡು ಸ್ವರ ತಪ್ಪದಂತೆ ಹಾಡುವುದು ಸುಲಭವೆಂದು ಯಾರೂ ಹೇಳಲಾರರು.

2021ರಿಂದ ಈ ಕಟ್ಟಳೆ ಸಡಿಲವಾಯಿತು. ಹಿಮ್ಮೇಳದ ಧ್ವನಿಯನ್ನು ಮೊದಲೇ ಮುದ್ರಿಸಿ ತರಲು ಅನುಮತಿ ದೊರೆಯಿತು. ಕಡಿಮೆ ಜನರೊಂದಿಗೆ ಪ್ರಯಾಣ ಮಾಡಬಹುದೆಂಬ ಅನುಕೂಲವೇನೋ ಇದರಿಂದ ಉಂಟು. ಆದರೆ ರಂಗದಲ್ಲಿ ಇಲ್ಲದವರ ಧ್ವನಿ ಗಾಯಕರ ಬೆನ್ನಿಗೆ ನಿಂತಾಗ, ಕೇಳುವವರಿಗೆ ಯಾವುದು ಈಗಿನದು, ಯಾವುದು ಮುದ್ರಿಸಿದ್ದು ಎಂಬುದು ತಿಳಿಯುವುದಿಲ್ಲ. ಬಾಗಿಲಿನ ಆಟ ತಾನು ಆಟವೆಂದು ಸಾರಿಕೊಳ್ಳುತ್ತದೆ. ಮುದ್ರಿತ ಧ್ವನಿ ತಾನು ಮುದ್ರಿತವೆಂದು ಹೇಳಿಕೊಳ್ಳುವುದಿಲ್ಲ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಎಚ್ಚರ ಬೇಕೆಂಬುದನ್ನು ಓದುಗರೇ ನಿರ್ಣಯಿಸಬಹುದು. ಮುಖ್ಯ ಗಾಯಕರ ಧ್ವನಿಗೆ ಮಾತ್ರ ಈ ಸಡಿಲಿಕೆಯನ್ನು ಕೊಡದೆ ಉಳಿಸಿಕೊಂಡದ್ದು ಸಮಾಧಾನದ ಸಂಗತಿ.

ಅದೇ ಮೇ 12ರ ರಾತ್ರಿ ಇನ್ನೊಂದು ಘಟನೆ ನಡೆಯಿತು. ಬ್ರಿಟನ್ನಿನ ಗಾಯಕಿ ಸುರೀ ಅವರು ಹಾಡುತ್ತಿದ್ದಾಗ ಅಪರಿಚಿತನೊಬ್ಬ ರಂಗದ ಮೇಲೆ ನುಗ್ಗಿ ಅವರ ಕೈಯಿಂದ ಮೈಕನ್ನು ಕಿತ್ತುಕೊಂಡ. ಕಾವಲಿನವರು ಅವನನ್ನು ಎಳೆದೊಯ್ದರು. ಸುರೀ ಅವರು ಮೈಕನ್ನು ಮರಳಿ ಪಡೆದು ಹಾಡನ್ನು ಕೊನೆಯವರೆಗೆ ಹಾಡಿ ಮುಗಿಸಿದರು. ಇನ್ನೊಮ್ಮೆ ಹಾಡುವ ಅವಕಾಶವನ್ನು ಸಂಘಟಕರು ಕೊಟ್ಟರೂ ಅವರೂ ಅವರ ತಂಡದವರೂ ಬೇಡವೆಂದರು. ಅವರಿಗೆ ದೊರೆತದ್ದು 24ನೆಯ ಸ್ಥಾನ. ಯಾವ ರಂಗತಂತ್ರವೂ ಆ ಕ್ಷಣವನ್ನು ಮೊದಲೇ ಯೋಜಿಸಿರಲಾರದು. ಅಲ್ಲಿ ಅವರ ನೆರವಿಗೆ ಬಂದದ್ದು ಬೆಳಕಲ್ಲ, ಪರದೆಯಲ್ಲ. ತನ್ನ ಕೆಲಸವನ್ನು ಪೂರ್ತಿಗೊಳಿಸಬೇಕೆಂಬ ನಿಷ್ಠೆ ಮತ್ತು ಮೈಗೂಡಿದ ಅಭ್ಯಾಸ. ಆಡಂಬರದ ರಂಗದ ಮೇಲೆಯೂ ಕಡೆಗೆ ಕೈಹಿಡಿಯುವುದು ಇದೇ ಎಂಬುದನ್ನು ಮಕ್ಕಳಿಗೆ ತಿಳಿಸಿ ಹೇಳಬೇಕು.

ಆ ರಾತ್ರಿ ಅತಿಥಿಯಾಗಿ ಹಾಡಿದವರು ಸಾಲ್ವಡೋರ್ ಸೊಬ್ರಾಲ್. ಅವರ ವೃತ್ತಾಂತ ಕೇಳತಕ್ಕದ್ದು. 2017ರಲ್ಲಿ ಉಕ್ರೇನಿನ ಕೀವ್ ನಗರದಲ್ಲಿ ನಡೆದ ಸ್ಪರ್ಧೆಯಲ್ಲಿ ಅವರು 758 ಅಂಕ ಪಡೆದು ಗೆದ್ದಿದ್ದರು. 1964ರಿಂದ ಸ್ಪರ್ಧಿಸುತ್ತ ಬಂದಿದ್ದ ಪೋರ್ಚುಗಲ್ಲಿಗೆ ಅದೇ ಮೊದಲ ಜಯ. ಲಿಸ್ಬನ್ನಿನಲ್ಲಿ ಸ್ಪರ್ಧೆ ನಡೆದದ್ದೂ ಆ ಜಯದ ಫಲವಾಗಿಯೇ. ಹಾಡನ್ನು ರಚಿಸಿದವರು ಅವರ ಅಕ್ಕ ಲೂಯಿಸಾ. ಸೊಬ್ರಾಲ್ ಅವರಿಗೆ ಹೃದಯದ ಕಾಯಿಲೆಯಿತ್ತು. ಬಹಳ ದಿನ ಮನೆಯಿಂದ ದೂರವಿರಲು ಆಗದ ಕಾರಣ ಕೀವ್‌ನ ಮೊದಲ ತಾಲೀಮುಗಳಲ್ಲಿ ಅಕ್ಕನೇ ತಮ್ಮನ ಜಾಗದಲ್ಲಿ ನಿಂತು ಹಾಡಿದರು. ಅವರ ಸಹಾಯದಿಂದಲೇ ಬೆಳಕು, ಕ್ಯಾಮೆರಾಗಳ ಲೆಕ್ಕ ಸಿದ್ಧವಾಯಿತು. ಸ್ಪರ್ಧೆಯ ದಿನ ಸೊಬ್ರಾಲ್ ಅವರು ದೊಡ್ಡ ರಂಗವನ್ನು ಬಿಟ್ಟು ಜನರ ನಡುವಿನ ಚಿಕ್ಕ ರಂಗದ ಮೇಲೆ ಒಬ್ಬರೇ ನಿಂತು ಮೆಲುದನಿಯಲ್ಲಿ ಹಾಡಿದರು. ನರ್ತಕರಿಲ್ಲ, ಬೆಂಕಿಯಿಲ್ಲ, ಬಾಗಿಲುಗಳಿಲ್ಲ. ಗೆದ್ದ ಬಳಿಕ ಅಕ್ಕನನ್ನು ರಂಗಕ್ಕೆ ಕರೆದು ಇಬ್ಬರೂ ಕೂಡಿ ಅದೇ ಹಾಡನ್ನು ಹಾಡಿದರು. ಆ ವರ್ಷದ ಡಿಸೆಂಬರಿನಲ್ಲಿ ಅವರಿಗೆ ಹೃದಯದ ಕಸಿ ನಡೆಯಿತು. ಮರುವರ್ಷದ ಮೇ ತಿಂಗಳಲ್ಲಿ ಹೊಸ ಹೃದಯದೊಂದಿಗೆ ಲಿಸ್ಬನ್ನಿನ ರಂಗದ ಮೇಲೆ ಬ್ರೆಜಿಲ್ಲಿನ ಹಿರಿಯ ಗಾಯಕ ಕಯೆತಾನೊ ವೆಲೋಜೊ ಅವರೊಡನೆ ಹಾಡಿದರು.

ಸೊಬ್ರಾಲ್ ಅವರ ಸರಳತೆಯನ್ನು ಮೆಚ್ಚುವ ಭರದಲ್ಲಿ ನಾವು ಒಂದು ಸಂಗತಿಯನ್ನು ಮರೆಯಬಾರದು. ಆ ಸರಳತೆಯೂ ತಾನಾಗಿ ಆದುದಲ್ಲ. ದೊಡ್ಡ ರಂಗ ಬೇಡ, ಚಿಕ್ಕದು ಸಾಕೆಂದು ಯೋಚಿಸಿದವರಿದ್ದರು. ತಮ್ಮನಿಗಾಗಿ ನಿಂತು ಹಾಡಿದ ಅಕ್ಕ ಇದ್ದರು. ಬೆಳಕನ್ನು ಎಷ್ಟು ಕಡಿಮೆ ಮಾಡಬೇಕೆಂದು ತಿಳಿದವರಿದ್ದರು. ಹಾಗೆಯೇ ಮಾಲ್ಡೋವಾದವರ ಸಂಭ್ರಮವನ್ನು ಆಡಂಬರವೆಂದು ಹಳಿಯುವುದೂ ಸರಿಯಲ್ಲ. ಆ ತಂಡ 209 ಅಂಕಗಳೊಂದಿಗೆ ಹತ್ತನೆಯ ಸ್ಥಾನ ಪಡೆಯಿತು. ಗೆದ್ದವರು ಇಸ್ರೇಲಿನ ನೆಟ್ಟಾ. ಒಂದು ಬಿಳಿಯ ಗೋಡೆಯಿಂದ ಪುಟ್ಟ ದೇಶವೊಂದು ದೊಡ್ಡ ದೊಡ್ಡ ದೇಶಗಳನ್ನು ಹಿಂದೆ ಹಾಕಿದ್ದು ಚಿಕ್ಕ ಸಾಧನೆಯಲ್ಲ. ಸರಳವಿರಲಿ, ಸಂಭ್ರಮವಿರಲಿ, ಒಳಗೆ ಹುರುಳಿದ್ದರೆ ಎರಡಕ್ಕೂ ಬೆಲೆಯಿದೆ. ಹುರುಳಿಲ್ಲದ ಮೇಲೆ ಯಾವ ಅಲಂಕಾರವೂ ಹೆಚ್ಚು ಹೊತ್ತು ಕಾಪಾಡಲಾರದು.

ಈ ದೂರದ ಕಥೆಯಿಂದ ನಮ್ಮ ಮನೆಗಳಿಗೆ ಏನು ಪ್ರಯೋಜನವೆಂದು ಕೇಳಬಹುದು. ಶಾಲೆಯ ವಾರ್ಷಿಕೋತ್ಸವ, ಬಸವ ಜಯಂತಿಯ ರೂಪಕ, ಮಠದ ಜಾತ್ರೆಯ ನಾಟಕ, ಇವೆಲ್ಲ ನಮ್ಮ ಮಕ್ಕಳ ರಂಗಗಳೇ. ರೂಪಕದಲ್ಲಿ ಮಗುವಿಗೆ ಮುಖ್ಯ ಪಾತ್ರ ದೊರೆಯಲಿಲ್ಲವೆಂದು ಮುನಿಸಿಕೊಳ್ಳುವ ತಾಯಿತಂದೆಯರಿದ್ದಾರೆ. ಪರದೆ ಎಳೆಯುವ ಕೆಲಸ ಬಂದಿತೆಂದು ಮಗುವೇ ನೊಂದು ಊಟ ಬಿಡುವುದೂ ಉಂಟು. ಮುಂದೆ ನಿಂತವರೇ ದೊಡ್ಡವರು, ಹಿಂದೆ ನಿಂತವರು ಚಿಕ್ಕವರು ಎಂಬ ಭಾವನೆ ಮಗುವಿನ ಮನಸ್ಸಿಗೆ ಬಂದದ್ದು ಎಲ್ಲಿಂದ? ನಮ್ಮ ಮಾತಿನಿಂದ, ನಮ್ಮ ನೋಟದಿಂದ. ಮುಂದೆ ನಿಂತ ಮಗುವಿನ ಚಿತ್ರವನ್ನು ಮಾತ್ರ ತೆಗೆದು, ಹಿಂದಿದ್ದ ಮಗುವನ್ನು ಮಾತನಾಡಿಸದೆ ಮನೆಗೆ ಮರಳುವವರು ನಾವೇ ಅಲ್ಲವೇ?

ಶರಣರು ಕಾಯಕದಲ್ಲಿ ಮೇಲು ಕೀಳೆಂಬ ಭೇದವನ್ನು ತೊಡೆದುಹಾಕಿದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರೂ ಒಂದೇ ಸಾಲಿನಲ್ಲಿ ಕುಳಿತರು. ಪರದೆಗೆ ಹಗ್ಗ ಬೇಕು. ಹಗ್ಗವನ್ನು ಹಿಡಿಯುವ ಕೈ ಬೇಕು. ಆ ಕೈ ಹೊತ್ತಿಗೆ ಸರಿಯಾಗಿ ಎಳೆಯಬೇಕು. ಅದು ತಪ್ಪಿದರೆ ಮುಂದೆ ನಿಂತವನು ರಾಜನ ವೇಷದಲ್ಲಿದ್ದರೂ ನಗೆಗೀಡಾಗುತ್ತಾನೆ. ಲಿಸ್ಬನ್ನಿನ ಆ ರಾತ್ರಿ ಕಪ್ಪು ಬಟ್ಟೆ ತೊಟ್ಟು ಓಡಾಡಿದವರು ಶರಣರ ಹೆಸರನ್ನು ಕೇಳಿರಲಾರರು. ಆದರೂ ಕೆಲಸದ ಮರ್ಯಾದೆಯನ್ನು ಅವರು ಅರಿತಿದ್ದರು.

ಆದ್ದರಿಂದ ಓದುಗರಲ್ಲಿ ನಮ್ಮದೊಂದು ಬಿನ್ನಹ. ಮನೆಯವರೆಲ್ಲ ಕುಳಿತು ಹಾಡಿನ ಕಾರ್ಯಕ್ರಮ ನೋಡುವಾಗ ಮಕ್ಕಳಿಗೆ ಒಂದೆರಡು ಪ್ರಶ್ನೆ ಕೇಳಿರಿ: ಈ ಗೋಡೆಯನ್ನು ಯಾರು ತಂದಿಟ್ಟಿರಬಹುದು? ಈ ಬೆಳಕು ಈ ಸಾಲಿಗೇ ಏಕೆ ಬಂದಿತು? ಇದರಲ್ಲಿ ಯಾವುದು ಆಟ, ಯಾವುದು ನಿಜ? ಹೀಗೆ ಕೇಳಿಸಿಕೊಂಡ ಮಗು ಹೊಳಪಿಗೆ ಮರುಳಾಗದೆ ಅದರ ಹಿಂದಿನ ದುಡಿಮೆಯನ್ನು ಹುಡುಕಲು ಕಲಿಯುತ್ತದೆ. ನಿಮ್ಮ ಊರಿನ ಮುಂದಿನ ಬಸವ ಜಯಂತಿಯ ಸಮಾರಂಭದಲ್ಲಿ ಹಾಡಿದವರಿಗೂ ಅಭಿನಯಿಸಿದವರಿಗೂ ಶಾಲು ಹೊದಿಸಿ ಗೌರವಿಸುವಾಗ, ಪರದೆ ಎಳೆದವರನ್ನೂ, ದೀಪ ನೋಡಿಕೊಂಡವರನ್ನೂ, ಜಮಖಾನೆ ಹಾಸಿ ಮಡಿಸಿದವರನ್ನೂ ಹೆಸರು ಹೇಳಿ ಮುಂದಕ್ಕೆ ಕರೆಯಿರಿ. ಅದಕ್ಕೆ ಖರ್ಚೇನೂ ಇಲ್ಲ. ಐದು ನಿಮಿಷ ಸಾಕು.